ಬರಿಗಾಲಲ್ಲಿ ಗುಡಿ ಹೊಕ್ಕವನು

"ಕಾಲು ನೋಡ್ರಿ ಮೇಡಂ," ಅಂದಳು ಮಾಧವಿ. "ಅವನ ಕಾಲು ನೋಡ್ರಿ."

ನಾನು ಕನ್ನಡಕ ಏರಿಸಿಕೊಂಡು ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ಹೆಬ್ಬೆರಳಿನಷ್ಟು ಎತ್ತರದ ಗೊಂಬೆ ಮನುಷ್ಯನೊಬ್ಬ ಕಲ್ಲಿನ ಗುಡಿಯ ನಡುವೆ ನಿಂತಿದ್ದ. ಕೊರಳಿಗೆ ಕೆಂಪು ರುಮಾಲು, ಕೈಯಲ್ಲಿ ಕತ್ತಿ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು ನಾನು. ಟೈರಿನ ಗುರುತು ನೋಡಿದ್ದೇನೆ, ಬೆರಳಿನ ಗುರುತು ನೋಡಿದ್ದೇನೆ. ಗೊಂಬೆಯ ಕಾಲು ನೋಡಿ ಎಂದು ಈವರೆಗೆ ಯಾರೂ ಹೇಳಿರಲಿಲ್ಲ.

"ನೋಡಿದೆ. ಎರಡು ಕಾಲು ಅದಾವ. ಏನೀಗ?"

"ಬರಿಗಾಲು ಮೇಡಂ," ಅಂದಳು.

ಆಮೇಲೆ ಪಕ್ಕದಲ್ಲಿದ್ದ ಸಣ್ಣಕ್ಷರದ ಸಾಲನ್ನು ಬೆರಳಿಟ್ಟು ತೋರಿಸಿದಳು. ಆಟ ಎಲ್ಲಿಗೆ ನಿಂತಿತ್ತು, ಯಾವಾಗ ನಿಂತಿತ್ತು ಎಂದು ಆ ಸಾಲು ಹೇಳುತ್ತಿತ್ತು. ಮೂರನೇ ಗುಡಿ. ಮಂಗಳವಾರ, ಮಧ್ಯಾಹ್ನ ಮೂರು ಇಪ್ಪತ್ತು.

ಅವಳ ಅಣ್ಣ ಪ್ರಭಂಜನ ಸಂಡೂರಿನ ಘಾಟಿಯಲ್ಲಿ ಜೀಪಿನ ಜೊತೆ ಉರುಳಿ ಬೆಂದು ಹೋದದ್ದು ಹಿಂದಿನ ಗುರುವಾರ. ದಹನವಾದದ್ದು ಶುಕ್ರವಾರ. ದಹನವಾಗಿ ನಾಲ್ಕು ದಿನವಾದ ಮೇಲೆ ಅವನ ಹೆಸರಿನ ಆಟವನ್ನು ಯಾರೋ ಕೂತು ಆಡಿದ್ದರು.

ನಾನು ಕುರ್ಚಿ ಎಳೆದುಕೊಂಡು ಕೂತೆ. ನನಗೆ ಈ ಪೆಟ್ಟಿಗೆಗಳ ವಿಷಯ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಷ್ಟೇ ಗೊತ್ತು. ಎಲ್ಲ ಬಿಡಿಸಿ ಹೇಳು, ನಾನು ದಡ್ಡಿ ಅಂತಲೇ ತಿಳ್ಕೊಂಡು ಹೇಳು ಅಂದೆ. ಹೇಳಿದಳು.

ಈ ಆಟ ಹಳೆಯದು, ಜಪಾನಿನದು. ಹೋದ ತಿಂಗಳಷ್ಟೇ ಇಂಗ್ಲಿಷಿನಲ್ಲಿ, ಕಂಪ್ಯೂಟರಿಗೆ ಅಂತ ಬಂದಿದೆ. ಡಬ್ಬಿ ಇಲ್ಲ, ಸಿ.ಡಿ. ಇಲ್ಲ. ನೆಟ್ಟಿನೊಳಗೇ ಒಂದು ಅಂಗಡಿ, ಕೊಂಡರೆ ತಂತಿಯಲ್ಲೇ ಮನೆಗೆ ಇಳಿಯುತ್ತದೆ. ಆಡಿ, ಉಳಿಸು ಅಂದು ಮುಚ್ಚಿದೊಡನೆ ಆಟ ಎಲ್ಲಿಗೆ ನಿಂತಿತು ಅನ್ನುವ ಗುರುತು ಅಂಗಡಿಗೆ ಹೋಗಿ ಕೂರುತ್ತದೆ. ಹೆಸರು, ಗುಪ್ತಪದ ಗೊತ್ತಿದ್ದವರು ಯಾವ ಊರಿನ ಯಾವ ಕಂಪ್ಯೂಟರಿನಿಂದಲಾದರೂ ಅಲ್ಲಿಂದಲೇ ಮುಂದುವರಿಸಬಹುದು. ಒಂದೇ ಷರತ್ತು, ಏಕಕಾಲಕ್ಕೆ ಎರಡು ಕಡೆ ಆಗುವುದಿಲ್ಲ. ಅಲ್ಲಿ ತೆರೆದರೆ ಇಲ್ಲಿ ಮುಚ್ಚಿಕೊಳ್ಳುತ್ತದೆ.

"ಅಣ್ಣ ಇದು ಇಳಿಯೋತನಕ ಎರಡು ದಿನ ಕಂಪ್ಯೂಟರ್ ಆರಿಸಲಿಲ್ಲ ಮೇಡಂ. ನಮ್ಮ ಬ್ರಾಡ್‌ಬ್ಯಾಂಡ್ ನಿಮಗ ಗೊತ್ತಲ್ಲ."

"ನಿಮ್ಮಣ್ಣ ಮೂವತ್ತು ದಾಟಿದ ಕೆಮಿಸ್ಟು. ಅದಿರಿನಾಗ ಕಬ್ಬಿಣ ಎಷ್ಟೈತಿ ಅಂತ ತೂಗಿ ಹೇಳೋನು. ಅವನಿಗ್ಯಾಕ ಹುಡುಗರ ಆಟದ ಹುಚ್ಚು?"

ಮಾಧವಿ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ನನ್ನ ತೊಡೆಯ ಮೇಲಿಟ್ಟಳು. ಇನ್ನೂರು ಪುಟದ, ಮೂಲೆ ಇಲಿ ಕಡಿದ, ಕಂಪನಿ ಶಾಲೆಯ ನೋಟ್‌ಬುಕ್. ಮೇಲೆ ದುಂಡಗೆ ಬರೆದಿತ್ತು: ಏಳು ದೀಪದ ಆಟ. ದೋಣಿಮಲೈ. ೧೯೯೨.

*

ತೊಂಬತ್ತೆರಡರಲ್ಲಿ ನಾನೂ ಸಂಡೂರಿನಲ್ಲೇ ಪೇದೆಯಾಗಿದ್ದೆ. ಈಗ ಹೊಸಪೇಟೆಯಲ್ಲಿ ನೆಲೆಸಿರುವ ಈ ಮನೆಯವರ ಪರಿಚಯ ಆಗಿನದೇ. ಆಗಿನ ಬೆಟ್ಟ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮಳೆಗಾಲ ಮುಗಿದ ಮೇಲೆ ಘಾಟಿ ಹತ್ತಿದರೆ ಬಸ್ಸಿನ ಕಿಟಕಿಯೊಳಗೆ ಸೀತಾಫಲದ ಟೊಂಗೆ ನುಗ್ಗುತ್ತಿತ್ತು. ದೋಣಿಮಲೈಯ ಗಣಿ ಕಂಪನಿ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಸೈರನ್ ಕೂಗಿದರೆ ಗಂಡಸರೆಲ್ಲ ಒಂದೇ ಬಣ್ಣದ ಟಿಫಿನ್ ಡಬ್ಬಿ ಹಿಡಿದು ಕಂಪನಿ ಬಸ್ಸಿಗೆ ನಿಲ್ಲುತ್ತಿದ್ದರು. ಅಂಥ ಶಿಸ್ತಿನ ಊರಿನಲ್ಲಿ ಪೊಲೀಸರಿಗೆ ಕೆಲಸವೇ ಇರಲಿಲ್ಲ. ಗಣಪತಿ ಪೆಂಡಾಲಿಗೆ ಕಾವಲು ಕೂತು ಪ್ರಸಾದ ತಿಂದು ಬರುತ್ತಿದ್ದೆವು.

ಮಾಧವಿಯ ತಾಯಿ ಇಂದಿರಾಬಾಯಿಯವರ ಯಜಮಾನರು, ಈಗಿಲ್ಲದ ಮಧ್ವೇಶರಾಯರು, ಅಲ್ಲಿನ ಲ್ಯಾಬಿನಲ್ಲಿದ್ದರು. ಅದಿರು ಜಪಾನಿಗೆ ಹೋಗುತ್ತಿತ್ತು. ಅದಿರಿನ ಮಾದರಿ ನೋಡಲು ಜಪಾನಿನಿಂದ ಮೊರೀತ ಅನ್ನುವವರು ಬಂದು ಗೆಸ್ಟ್‌ಹೌಸಿನಲ್ಲಿ ಎರಡು ತಿಂಗಳು ಉಳಿದಿದ್ದರಂತೆ. ಗೆಸ್ಟ್‌ಹೌಸಿನ ಊಟ ಒಗ್ಗದೆ ಸೊರಗಿದ ಮನುಷ್ಯನಿಗೆ ರಾಯರು ದಿನಾ ಮನೆಯಿಂದ ಮೊಸರನ್ನ ಒಯ್ದು ಕೊಟ್ಟರು. ಹೊರಡುವ ದಿನ ಅವರು ತಮ್ಮ ಬೇಸರ ಕಳೆಯಲು ತಂದಿದ್ದ ಟಿ.ವಿ. ಆಟದ ಪೆಟ್ಟಿಗೆಯನ್ನು ಮಕ್ಕಳಿಗೆಂದು ಬಿಟ್ಟು, ಬಾಗಿ ನಮಸ್ಕಾರ ಮಾಡಿ ಹೋದರು. ಅದರಲ್ಲಿದ್ದದ್ದು ಈ ಒಂದೇ ಆಟ.

ನಮ್ಮ ಕರೆಂಟಿಗೆ ಅದು ಸುಟ್ಟು ಹೋಗುತ್ತದೆ ಎಂದು ರಾಯರು ವರ್ಕ್‌ಶಾಪಿನಲ್ಲಿ ಹೇಳಿ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಸಿದರು. ಇಟ್ಟಿಗೆಯಷ್ಟು ದಪ್ಪ ಇತ್ತಂತೆ. ಚಿತ್ರವೇನೋ ಬಂತು, ಬಣ್ಣ ಬರಲಿಲ್ಲ. ಜಪಾನಿನ ಬಣ್ಣ ನಮ್ಮ ಟಿ.ವಿ.ಗೆ ತಿಳಿಯುವುದಿಲ್ಲ ಎಂದು ರಾಯರು ಸಮಾಧಾನ ಹೇಳಿದರು. ಐದು ವರ್ಷ ಮಕ್ಕಳು ಕಪ್ಪು ಬಿಳುಪಿನಲ್ಲೇ ಆಡಿದರು.

ಆಟದ ತುಂಬ ಜಪಾನೀ ಅಕ್ಷರ. ಒಂದಕ್ಷರ ತಿಳಿಯದೆ ಅಣ್ಣ, ತಂಗಿ, ಜೊತೆಗೊಬ್ಬ ಗೆಳೆಯ, ಮೂರು ಮಕ್ಕಳು ಕೂತು ಎಲ್ಲಕ್ಕೂ ತಾವೇ ಹೆಸರಿಟ್ಟರು. ನಾನು ನೋಟ್‌ಬುಕ್ ತಿರುವಿದೆ. ನಾಯಕ ರುಮಾಲುರಾಯ. ಗುಹೆಯಲ್ಲಿ ಅಡ್ಡ ಬರುವ ಕರಡಿಯಂಥದ್ದು ದರೋಜಿ ಮಾವ. ಕಲ್ಲಿನ ರಾಕ್ಷಸ ಡಂಪರಪ್ಪ. ಔಷಧ ಮಾರುವ ಮುದುಕಿ ಕಷಾಯದಜ್ಜಿ. ಯಾವ ಬಾಗಿಲಿಗೆ ಯಾವ ಬೀಗ, ಯಾವ ಎಲೆ ತಿಂದರೆ ಜೀವ ಬರುತ್ತದೆ, ಯಾವುದು ತಿಂದರೆ ಹೋಗುತ್ತದೆ ಎಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ನನ್ನ ಇಲಾಖೆಯಲ್ಲಿ ಇಷ್ಟು ನೀಟಾದ ಡೈರಿ ಬರೆದ ಒಬ್ಬನನ್ನೂ ನಾನು ಕಂಡಿಲ್ಲ.

"ರುಮಾಲು ನೀಲಿ ಅಂತ ಅಣ್ಣ, ಹಸಿರು ಅಂತ ನಾನು. ಎಷ್ಟು ಜಗಳ ಆಡೀವಿ," ಅಂದಳು ಮಾಧವಿ. "ಹೋದ ತಿಂಗಳು ಇದು ಇಳಿದು ತೆರೆದ ದಿನ ನೋಡಿದ್ರ ಕೆಂಪು. ಅಣ್ಣ ಅರ್ಧ ತಾಸು ಆಡಲೇ ಇಲ್ಲ. ಬರೇ ನೋಡಿಕೋತ ಕೂತಿದ್ದ."

ಹೇಳುತ್ತಾ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ವಯಸ್ಸಾಯಿತು, ಕಣ್ಣೀರಿಗೆ ನಾಚಿಕೆ ಇಲ್ಲ.

"ಬರಿಗಾಲಿನ ಸಂಗತಿ ಹೇಳು," ಅಂದೆ.

ಅದನ್ನು ಹೇಳಿದ್ದು ಅವಳಲ್ಲ. ನಡುಮನೆಯ ಹೊಸ್ತಿಲಲ್ಲಿ ಇಷ್ಟು ಹೊತ್ತು ಸುಮ್ಮನೆ ಕೂತಿದ್ದ ಇಂದಿರಾಬಾಯಿ.

"ಅದು ನಾ ಮಾಡಿದ್ದು," ಅಂದರು. "ಒಂದು ದಿನ ಸಂಜಿಗೆ ದೀಪ ಹಚ್ಚಿ ಹೊರಗ ಬಂದೆ. ಟಿ.ವಿ.ಯಾಗ ಈ ರುಮಾಲಿನವ ಬೂಟು ಹಾಕ್ಕೊಂಡು ಟಕಟಕ ಅಂತ ಗುಡಿಯೊಳಗ ಹೋಗಾಕತ್ತಿದ್ದ. ದೀಪ ಹಚ್ಚಿದ ಗುಡಿ. ಯಾವ ದೇಶದ್ದಾದ್ರ ಏನು, ದೇವರು ದೇವರೇ. ಬೂಟು ತೆಗೆಸು, ಇಲ್ಲಾ ಆಟ ತೆಗೀತೀನಿ ಅಂದೆ."

ಅವತ್ತಿನಿಂದ ಆ ಮನೆಯಲ್ಲಿ ರುಮಾಲುರಾಯ ಗುಡಿಯ ಬಾಗಿಲಿಗೆ ಬಂದರೆ ಬೂಟು ಕಳಚಿ ಚೀಲಕ್ಕೆ ಹಾಕಿ ಬರಿಗಾಲಲ್ಲೇ ಒಳಗೆ ಹೋಗುತ್ತಿದ್ದ. ಗುಡಿಯೊಳಗಿನ ನೆಲ ಸುಡುತ್ತದೆ, ಬೂಟಿಲ್ಲದಿದ್ದರೆ ಹೆಜ್ಜೆಗೊಂದಿಷ್ಟು ಜೀವ ಹೋಗುತ್ತದೆ. ಆಟ ಕಟ್ಟಿದವರು ಬೂಟು ಕೊಟ್ಟದ್ದೇ ಅದಕ್ಕೆ. ಲೋಕದಲ್ಲಿ ಬುದ್ಧಿ ಇದ್ದವರು ಯಾರೂ ಅದನ್ನು ಅಲ್ಲಿ ಕಳಚುವುದಿಲ್ಲ. ದೋಣಿಮಲೈಯ ಆ ಒಂದು ಮನೆಯ ಮಕ್ಕಳು ಮಾತ್ರ ಕಾಲು ಸುಟ್ಟುಕೊಳ್ಳುತ್ತಾ ಏಳು ಗುಡಿ ಮುಗಿಸಿದ್ದರು.

ಮಂಗಳವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೂ ಯಾರೋ ಹಾಗೇ ಮಾಡಿದ್ದರು.

"ಚೆನ್ನಬಸಮ್ಮ," ಅಂದರು ಇಂದಿರಾಬಾಯಿ. ಮೈಲಿಗೆಯ ಮನೆ, ಒಂದು ಲೋಟ ಕಾಫಿ ಕೂಡ ಕೊಡೋ ಹಂಗಿಲ್ಲ ಎಂದು ನಾನು ಬಂದಾಗಿನಿಂದ ನೊಂದುಕೊಳ್ಳುತ್ತಿದ್ದ ಹೆಂಗಸು ಈಗ ನೆಟ್ಟಗೆ ನನ್ನ ಮುಖ ನೋಡುತ್ತಿದ್ದರು. "ನಾಳೆ ಹತ್ತನೇ ದಿನ. ಮುಂಜಾನೆ ಎಂಟಕ್ಕ ಹಂಪಿ ಚಕ್ರತೀರ್ಥದಾಗ ದಾಯಾದಿಗಳು ನೀರು ಬಿಡಬೇಕು. ಬದುಕಿರೋ ಮಗನಿಗೆ ಎಳ್ಳುನೀರು ಬಿಡಿಸಿದ ತಾಯಿ ನಾ ಆಗಬಾರದು. ಸತ್ತ ಮಗನ್ನ ನೀರಿಲ್ಲದ ನಿಲ್ಲಿಸಿದಾಕಿನೂ ಆಗಬಾರದು. ಯಾವುದು ಅಂತ ಇವತ್ತು ನೀವು ಹೇಳಬೇಕು."

ಲಂಚ ಕೊಡಲು ಬಂದ ಗಣಿ ಧಣಿಗಳ ಮುಂದೆ ನನ್ನ ಬಾಯಿ ಬೀಗ ಹಾಕಿಕೊಂಡದ್ದಿಲ್ಲ. ಈ ತಾಯಿಯ ಮುಂದೆ ಹಾಕಿಕೊಂಡಿತು. ಹೇಳ್ತೀನಿ ಎಂದಷ್ಟೇ ಹೇಳಿ ಎದ್ದೆ.

ಬಾಗಿಲಲ್ಲಿ ಮಾಧವಿಯನ್ನು ಕೇಳಿದೆ. "ಬೂಟಿನ ಸಂಗತಿ ಗೊತ್ತಿದ್ದವರು ಯಾರ್ಯಾರು?"

"ಅಮ್ಮನ್ನ ಬಿಟ್ರ ನಾವು ಮೂರೇ ಜನ. ಅಣ್ಣ, ನಾನು, ವೆಂಕಟೇಶ."

ವೆಂಕಟೇಶ ಅಂದರೆ ಡಂಪರ್ ಡ್ರೈವರ್ ಅಂಜಿನಯ್ಯನ ಮಗ. ಪ್ರಭಂಜನನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ವಡ್ಡುವಿನಲ್ಲಿ ಲಾರಿ ಆಫೀಸು ಇಟ್ಟವನು. ಘಾಟಿಯಲ್ಲಿ ಗುರುತೇ ಸಿಗದಂತೆ ಬೆಂದಿದ್ದ ದೇಹ ಪ್ರಭಂಜನನದೇ ಎಂದು ಕೈಗಡಿಯಾರ ತೋರಿಸಿ ಪೊಲೀಸರಿಗೆ ಹೇಳಿದವನೂ ಅವನೇ.

ಕಂಪ್ಯೂಟರಿನಲ್ಲಿ ಆಟ ತೆರೆದಿಟ್ಟುಕೊಂಡೇ ಕೂತಿರು, ಏನೇ ಆದರೂ ಫೋನ್ ಮಾಡು ಎಂದು ಮಾಧವಿಗೆ ಹೇಳಿ ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

*

ಹೊಸಪೇಟೆಯಿಂದ ವಡ್ಡುವಿಗೆ ಹಿಂದೆ ಮುಕ್ಕಾಲು ಗಂಟೆ. ಅವತ್ತು ಎರಡು ಗಂಟೆ ಹಿಡಿಯಿತು. ಮುಂದೆ ಅದಿರು ಲಾರಿ, ಹಿಂದೆ ಅದಿರು ಲಾರಿ. ಬಸ್ಸಿನ ಸೀಟು ಕೆಂಪು, ಕಂಡಕ್ಟರನ ಹುಬ್ಬು ಕೆಂಪು, ನಾನು ಉಟ್ಟಿದ್ದ ಬಿಳಿ ಇಳಕಲ್ ಸೀರೆಯ ಗತಿ ಕೇಳಲೇಬೇಡಿ. ಪ್ರಭಂಜನ ಸಾಯುವ ಮುನ್ನ ತಂಗಿಗೆ ಒಂದು ಮಾತು ಹೇಳಿದ್ದ. ಕಾಡಿನ ಗುಡ್ಡ ಅಗೆದು ಬೇರೆ ಗಣಿಯ ಹೆಸರಲ್ಲಿ ಸಾಗಿಸುತ್ತಿದ್ದಾರೆ, ಆ ಮಣ್ಣಿನ ಮಾದರಿ ನನ್ನ ಹತ್ತಿರ ಇದೆ, ತನಿಖೆಯವರು ಬಂದರೆ ಕೊಡುತ್ತೇನೆ ಅಂತ. ತನಿಖೆಯವರು ಬರಬೇಕಾದದ್ದು ಬರುವ ಸೋಮವಾರ.

ವೆಂಕಟೇಶನ ಆಫೀಸು ತಗಡಿನ ಶೆಡ್ಡು. ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಹುಲಿಗೆಮ್ಮನ ಕ್ಯಾಲೆಂಡರ್. ಒಳ್ಳೆ ಮೈಕಟ್ಟಿನ ಆಳು, ಆದರೆ ಕಣ್ಣು ಗುಳಿ ಬಿದ್ದಿದ್ದವು.

"ಬರ್ರಿ ಮೇಡಂ, ಕುಂದ್ರಿ," ಎಂದು ತಾನೇ ಕುರ್ಚಿ ಒರೆಸಿದ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಮಂಗಳವಾರ ಪ್ರಭಂಜನನ ಹೆಸರಲ್ಲಿ ಯಾರೋ ಏಳು ದೀಪದ ಆಟ ಆಡಿದ್ದಾರೆ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಮಾತು ಮುಗಿಸುವ ಮೊದಲೇ ಅಂದ, ನಾನೇ ಮೇಡಂ, ನಾನೇ ಆಡಿದ್ದು. ಪ್ರಭ ಬದುಕಿದ್ದಾಗ ಗುಪ್ತಪದ ಕೊಟ್ಟಿದ್ದನಂತೆ. ಗೆಳೆಯ ಹೋದ ದುಃಖ ತಡೆಯದೆ, ರುಮಾಲುರಾಯನನ್ನು ಒಮ್ಮೆ ಬಣ್ಣದಲ್ಲಿ ನೋಡೋಣ ಎಂದು ತೆರೆದನಂತೆ. ಹೇಳಿದ್ದು ಚೆನ್ನಾಗಿಯೇ ಇತ್ತು.

"ತೆಗಿ ಹಂಗಾರ. ನಾನೂ ನೋಡ್ತೀನಿ."

ತೆಗೆದ. ಒಂದು ನಿಮಿಷವೂ ಆಗಿರಲಿಲ್ಲ, ನನ್ನ ಫೋನ್ ಬಡಿದುಕೊಂಡಿತು. ಮನೆಯ ಕಂಪ್ಯೂಟರಿನಲ್ಲಿ ಆಟ ತಾನಾಗಿ ಮುಚ್ಚಿತು, ಬೇರೆ ಕಡೆ ತೆರೆದಿದ್ದಾರೆ ಅಂತ ಬರೆದು ಬಂತು ಎಂದು ಮಾಧವಿ ಹೇಳಿದಳು. ಸರಿ, ಗುಪ್ತಪದ ಇವನಿಗೆ ಗೊತ್ತಿರುವುದು ನಿಜ.

ಮೂರನೇ ಗುಡಿಯಲ್ಲಿ ರುಮಾಲುರಾಯ ಬರಿಗಾಲಲ್ಲೇ ನಿಂತಿದ್ದ. ಮುಂದಿನ ಗುಡಿಯ ತನಕ ಆಡು, ನೋಡೋಣ ಅಂದೆ. ಬೂಟಿನ ಮಾತು ನಾನು ಎತ್ತಲಿಲ್ಲ.

ವೆಂಕಟೇಶ ಅವನನ್ನು ಗುಡಿಯ ಹೊರಗೆ ತಂದು, ಮುಳ್ಳಿನ ದಾರಿ ಕಂಡು, ಚೀಲದಿಂದ ಬೂಟು ತೆಗೆದು ತೊಡಿಸಿದ. ಎರಡು ನಿಮಿಷದಲ್ಲಿ ನಾನು ಪಕ್ಕದಲ್ಲಿ ಕೂತದ್ದೇ ಅವನಿಗೆ ಮರೆತು ಹೋಯಿತು. ಗುಹೆ ಬಂತು. ದರೋಜಿ ಮಾವ ಬಂದ, ಕಂದು ಬಣ್ಣದವನು. ಇವನು ಕಂದು ಅಂತ ನಾನು ಆವಾಗಲೇ ಹೇಳಿದ್ದೆ ಮೇಡಂ, ಪ್ರಭ ಕೇಳಲಿಲ್ಲ ಅಂದ. ಕರೆಂಟು ಹೋದರೆ ಮೂವರೂ ಬೇಲಿಗೆ ಓಡಿ ಅಂಜಿನಯ್ಯನ ಡಂಪರ್ ಇಳಿಯುವುದನ್ನು ನೋಡುತ್ತಿದ್ದುದು, ಗೆದ್ದ ದಿನ ಇಂದಿರಾಬಾಯಿ ಅವಲಕ್ಕಿ ಹಚ್ಚಿ ಕೊಡುತ್ತಿದ್ದುದು, ಟ್ರಾನ್ಸ್‌ಫಾರ್ಮರ್ ಕಾದು ವಾಸನೆ ಬಂದರೆ ರಟ್ಟಿನಿಂದ ಗಾಳಿ ಹಾಕುತ್ತಿದ್ದುದು ಎಲ್ಲ ಒಂದೊಂದಾಗಿ ಬಂದವು. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಇಷ್ಟು ಪ್ರೀತಿಯಿಂದ ಹಳೆಯದನ್ನು ಹೇಳುವವನು ಗೆಳೆಯನನ್ನು ಕೊಂದಾನೇ ಎಂದು ನನಗೇ ಸಂಶಯ ಬಂತು.

ನಾಲ್ಕನೇ ಗುಡಿ ಬಂತು. ಎರಡೂ ಕಡೆ ದೀಪ, ನಡುವೆ ಮೆಟ್ಟಿಲು.

ವೆಂಕಟೇಶ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿಸಿ ಒಳಗೆ ನಡೆಸಿದ. ಕಲ್ಲಿನ ನೆಲದ ಮೇಲೆ ಟಕ್ ಟಕ್ ಎಂದು ಸದ್ದು ಬಂತು.

"ವೆಂಕಟೇಶ," ಅಂದೆ, "ಬೂಟು."

ಅವನ ಕೈ ನಿಂತಿತು. ಪರದೆ ನೋಡಿದ, ನನ್ನನ್ನು ನೋಡಿದ. ಮುಖದ ನೆತ್ತರು ಇಳಿದದ್ದು ಆ ಕೆಂಪು ಧೂಳಿನಲ್ಲೂ ಕಾಣಿಸಿತು.

"ಮಂಗಳವಾರ ಆಡಿದವ ಬೂಟು ತೆಗೆದು ಒಳಗ ಹೋಗ್ಯಾನ. ನೀ ಹಾಕ್ಕೊಂಡೇ ಹೋದಿ. ಅವ ನೀನಲ್ಲ. ಯಾಕ ಸುಳ್ಳು ಹೇಳಿದಿ?"

ಅವನು ನಕ್ಕ. ಅಂಥ ನಗು ನೋಡುವುದಕ್ಕಿಂತ ಅಳು ನೋಡುವುದು ವಾಸಿ.

"ಮರೆತಿದ್ದಲ್ಲ ಮೇಡಂ. ಗುಡಿಯೊಳಗ ನಾ ಯಾವತ್ತೂ ಆಡಿಲ್ಲ," ಅಂದ. "ಗುಹೆ, ಕಾಡು, ಡಂಪರಪ್ಪ ಎಲ್ಲಾ ನಂದೇ. ಗುಡಿ ಬಂತು ಅಂದ್ರ ಪ್ರಭ ನನ್ನ ಕೈಯಾಗಿಂದ ತಗೊಂತಿದ್ದ. ಅವರ ಮನಿಯಾಗ ನಾನು ದೇವರ ಕೋಣಿಗೆ ಹೋಗೋ ಹಂಗಿರಲಿಲ್ಲ ನೋಡ್ರಿ, ಆಟದಾಗೂ ಹಂಗೇ ಇರಬೇಕು ಅಂತ ನಾವ ತಿಳ್ಕೊಂಡಿದ್ವಿ. ಯಾರೂ ಹೇಳಿದ್ದಲ್ಲ. ಸಣ್ಣವರು. ನಾನೂ ಕೊಟ್ಟುಬಿಡ್ತಿದ್ದೆ. ಬೂಟು ತೆಗೆಯೋದು ನೋಡೀನಿ, ಕೈಲೆ ಮಾಡಿಲ್ಲ."

ಆ ನೋಟ್‌ಬುಕ್ಕಿನಲ್ಲಿ ಬೀಗ, ಕೀಲಿ, ಎಲೆ, ಬೇರು ಎಲ್ಲ ಬರೆದಿತ್ತು. ಇದು ಬರೆದಿರಲಿಲ್ಲ. ಆ ಅವಲಕ್ಕಿಯೂ ಇವನಿಗೆ ಹೊರಗಿನ ಕಟ್ಟೆಯ ಮೇಲೇ ಸಿಗುತ್ತಿತ್ತು ಎಂದು ನಾನು ಊಹಿಸಿಕೊಂಡೆ. ಕೇಳಲು ಮನಸ್ಸಾಗಲಿಲ್ಲ. ಕೇಳಬೇಕಾದದ್ದು ಬೇರೆ ಇತ್ತು.

"ಹಂಗಾರ ಪ್ರಭಂಜನ ಬದುಕ್ಯಾನ."

ಅವನು ಆಟವನ್ನು ಮುಚ್ಚಿದ. ಗುರುತು ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು, ಬೇಡ ಅಂದ. ಪಟ್ಟಿಯಲ್ಲಿ ಮಂಗಳವಾರದ ಮೂರನೇ ಗುಡಿಯೇ ಮೇಲಿರುವುದನ್ನು ನಾನು ಕಣ್ಣಾರೆ ನೋಡಿಕೊಂಡೆ. ಆಮೇಲೆ ಅವನು ಕಂಪ್ಯೂಟರನ್ನೇ ಆರಿಸಿ, ಬಾಗಿಲು ಹಾಕಿ ಬಂದ.

ಹೇಳಿದ್ದು ಇಷ್ಟು. ಆ ಗುರುವಾರ ಹೊಸ ಡ್ರೈವರ್ ಒಬ್ಬನನ್ನು ಪ್ರಭಂಜನನ ಜೀಪಿಗೆ ಯಾರೋ ಕಳಿಸಿದ್ದರು. ಘಾಟಿಯ ಮೂರನೇ ತಿರುವಿನಲ್ಲಿ ಅವನು ಸೀಟಿನ ಕೆಳಗಿನಿಂದ ರಾಡು ತೆಗೆದ. ಕೈಕೈ ಹತ್ತಿತು. ಪ್ರಭಂಜನ ಬಾಗಿಲು ತೆಗೆದು ಹಾರಿಕೊಂಡ, ಜೀಪು ಡ್ರೈವರನೊಂದಿಗೆ ಕೆಳಗೆ ಹೋಯಿತು. ಮೊದಲು ಓಡಿ ಬಂದವನು ಹಿಂದೆ ತನ್ನ ಲಾರಿಯಲ್ಲಿ ಬರುತ್ತಿದ್ದ ವೆಂಕಟೇಶ. ಪ್ರಭಂಜನನ ಗಡಿಯಾರವನ್ನು ಬಿಚ್ಚಿಸಿಕೊಂಡು, ಬೆಂಕಿಯಲ್ಲಿ ಕರಕಲು ಮಾಡಿ, ಪೊಲೀಸರಿಗೆ ತೋರಿಸಿದವನೂ ಅವನೇ. ಸತ್ತವನನ್ನು ಯಾರೂ ಹುಡುಕುವುದಿಲ್ಲವಲ್ಲ, ತನಿಖೆಯವರು ಬರುವ ತನಕ ಸತ್ತಂಗ ಇರು ಎಂದು ಗೆಳೆಯನನ್ನು ಕಂಪ್ಲಿಗೆ ಒಯ್ದು, ಒಂದು ಅಕ್ಕಿ ಗಿರಣಿಯ ಮೇಲಿನ ಕೋಣೆಯಲ್ಲಿ ಬಿಟ್ಟ. ಬೇಸರ ಕಳೆಯಲಿ ಎಂದು ತನ್ನ ಲ್ಯಾಪ್‌ಟಾಪ್ ಕೊಟ್ಟ.

"ಆಟಗೀಟ ತೆರೀಬ್ಯಾಡ ಅಂದಿದ್ದೆ ಮೇಡಂ. ಒಬ್ಬನೇ ಕೂತು ಕೂತು ತಡೀಲಿಕ್ಕೆ ಆಗಿಲ್ಲ ಅಂತ ಕಾಣ್ತದ."

"ಅವನ ತಾಯಿ ಒಂಬತ್ತು ದಿನದಿಂದ ಹೊಸ್ತಿಲು ಬಿಟ್ಟು ಎದ್ದಿಲ್ಲ. ನಾಳೆ ಎಳ್ಳುನೀರು ಬಿಡಿಸ್ತಾರ. ಅದು ತಲ್ಯಾಗ ಬರಲಿಲ್ಲೇನಲೇ ನಿನಗ?"

ಬೈಯಲು ಬಾಯಿಗೆ ಬಂದದ್ದೆಲ್ಲ ನಾನು ನುಂಗಿಕೊಂಡೆ. ಹುಡುಗ ಗೆಳೆಯನನ್ನು ಉಳಿಸಿದ್ದ. ಅಷ್ಟೂ ಮಾಡಲಾಗದ ಇಲಾಖೆಯಲ್ಲಿ ನಾನು ಮೂವತ್ತೊಂದು ವರ್ಷ ಇದ್ದೆ.

ಫೋನ್ ಮತ್ತೆ ಬಂತು. ಮಾಧವಿ.

"ಮೇಡಂ, ನೀವು ಮುಚ್ಚಿದ ಮ್ಯಾಲೆ ನಾ ತೆರೆದು ಕೂತಿದ್ದೆ. ಈಗ ಮತ್ತ ಬೇರೆ ಕಡೆ ತೆರೆದಾರ ಅಂತ ಬಂತು. ವೆಂಕಟೇಶನ ಕಂಪ್ಯೂಟರೇ ಏನು?"

ವೆಂಕಟೇಶನ ಕಂಪ್ಯೂಟರ್ ನನ್ನ ಕಣ್ಣೆದುರು ಆರಿ ಕಪ್ಪಗೆ ಕೂತಿತ್ತು.

ನಾನು ಅವನಿಗೆ ಹೇಳಿದೆ. ಅವನು ಎದ್ದು ನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅವನೇ ಮೇಡಂ. ಈಗ ಆಡಾಕತ್ತಾನ. ಈಗ, ಈ ಕ್ಷಣ." ಹುಲಿಗೆಮ್ಮನ ಕ್ಯಾಲೆಂಡರಿಗೆ ಕೈ ಮುಗಿದ. ನನಗೂ ಮುಗಿಯಬೇಕು ಅನ್ನಿಸಿತು, ಮುಗಿದೆ.

ಇಂದಿರಾಬಾಯಿಗೆ ಫೋನ್ ಕೊಡು ಎಂದು ಮಾಧವಿಗೆ ಹೇಳಿದೆ. ಅವರಿಗೆ ಎಲ್ಲ ಹೇಳಿದೆ, ಬಿಡಿಸಿ, ನಿಧಾನಕ್ಕೆ. ಜೀಪು, ಗಡಿಯಾರ, ಕಂಪ್ಲಿ. ಈಗ ಆಡುತ್ತಿದ್ದಾನೆ, ಆಟ ಮುಚ್ಚಿದೊಡನೆ ಗುರುತು ಬರುತ್ತದೆ, ನೋಡಿ ಖಾತ್ರಿ ಮಾಡಿ ಹೇಳುತ್ತೇನೆ, ಪುರೋಹಿತರಿಗೆ ತಡೆಯಲು ಹೇಳಿ ಅಂದೆ. ಅತ್ತ ಕಡೆ ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, ವೆಂಕಟೇಶ ಊಟ ಮಾಡ್ಯಾನೇನು ಕೇಳ್ರಿ ಅಂದರು. ಫೋನ್ ಇಡಲಿಲ್ಲ, ಹಾಗೇ ಹಿಡಿದುಕೊಂಡು ಕೂತರು.

ಇಪ್ಪತ್ತು ನಿಮಿಷ ಕಾದೆವು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ಕಾದದ್ದಿಲ್ಲ. ವೆಂಕಟೇಶ ಚಹಾ ತರಿಸಿದ. ಕುಡಿಯುತ್ತಾ, ಏಳನೇ ಗುಡಿ ಬಂದಾಗ ನನ್ನ ಕೈಗೂ ಕೊಡು ಅಂತ ಪ್ರಭನ ಹತ್ತಿರ ಕೇಳ್ತೀನಿ ಮೇಡಂ, ಕೊಡ್ತಾನ ಅಂದ. ಕೊಡದೆ ಏನು, ಕೊಡಿಸುತ್ತೇನೆ ಅಂದೆ.

ಕಂಪ್ಯೂಟರ್ ಹಚ್ಚಿ ತೆರೆದ. ಬೇರೆ ಕಡೆ ತೆರೆದಿದೆ ಅಂತ ಏನೂ ಬರಲಿಲ್ಲ. ಅತ್ತ ಮುಚ್ಚಿಯಾಗಿತ್ತು. ಪಟ್ಟಿಯ ಮೇಲೆ ಹೊಸ ಗುರುತು ಬಂದಿತ್ತು. ನಾಲ್ಕನೇ ಗುಡಿ. ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಎಂಟು ನಿಮಿಷ.

ರುಮಾಲುರಾಯ ಎರಡು ದೀಪಗಳ ನಡುವೆ ನಿಂತಿದ್ದ. ವೆಂಕಟೇಶ ಒಂದು ಹೆಜ್ಜೆ ಇಡಿಸಿದ.

ಟಕ್ ಅಂತ ಸದ್ದಾಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವೆಂಕಟೇಶ ಚೀಲ ತೆರೆದು ನೋಡಿದ. ಬೂಟು ಚೀಲದಲ್ಲಿರಲಿಲ್ಲ, ಕಾಲಲ್ಲಿತ್ತು. ಇಪ್ಪತ್ತು ನಿಮಿಷ ಆಡಿದವರಿಗೆ ಆ ಮನೆಯ ಪದ್ಧತಿ ಗೊತ್ತಿರಲಿಲ್ಲ.

ಅವನು ತನ್ನ ಫೋನ್ ತೆಗೆದು, ಯಾರಾದರೂ ಕದ್ದು ಕೇಳಿಯಾರು ಎಂದು ಈವರೆಗೆ ಹಚ್ಚದಿದ್ದ ಕಂಪ್ಲಿಯ ನಂಬರಿಗೆ ಹಚ್ಚಿದ. ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ನಾಲ್ಕು ಸಲ ರಿಂಗಾಯಿತು. ಎತ್ತಿದರು. ಪ್ರಭಾ, ಪ್ರಭಾ ಎಂದು ವೆಂಕಟೇಶ ಎರಡು ಸಲ ಕರೆದ. ಗಿರಣಿಯ ಸದ್ದು ಕೇಳಿಸುತ್ತಿತ್ತು, ಯಾರದೋ ಉಸಿರು ಕೇಳಿಸುತ್ತಿತ್ತು. ಯಾರೂ ಮಾತಾಡಲಿಲ್ಲ. ಫೋನ್ ಇಟ್ಟರು.

ನನ್ನ ಇನ್ನೊಂದು ಕೈಯಲ್ಲಿ ಹೊಸಪೇಟೆಯ ಫೋನ್ ಹಾಗೇ ಇತ್ತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ, ಕಿವಿಗೆ ಹಿಡಿದಾಗ ಇಂದಿರಾಬಾಯಿಯ ದನಿ ಮೆತ್ತಗೆ ಬಂತು.

"ಚೆನ್ನಬಸಮ್ಮ, ಗುರುತು ಬಂತೇನು? ನೋಡಿದ್ರೇನು? ಹೇಳ್ರಿ, ಅವನ ಕಾಲಾಗ ಏನದ?"